ಯೂರಿನರಿ ರಿಟೆನ್ಷನ್‌ಗೆ ಬೋರ್ಡಿನಲ್ಲಿ ಏನು ಬರೆಯಲಿ?

ದಾವಣಗೆರೆಯಿಂದ:
ನಮಸ್ಕಾರ. ಇಲ್ಲಿನ ಒಂದು ಅಕ್ಯುಪಂಕ್ಚರ್ ಕ್ಲಿನಿಕ್‌ನ ಬೋರ್ಡು ನಾಳೆ ಬೆಳಿಗ್ಗೆ ಪೇಂಟರ್ ಕೈಗೆ ಹೋಗಬೇಕು. ಯೂರಿನರಿ ರಿಟೆನ್ಷನ್‌ಗೆ, ಅಂದರೆ ಮೂತ್ರ ತುಂಬಿದ್ದರೂ ಹೊರಗೆ ಬಾರದ ತೊಂದರೆಗೆ, ‘ಮೂತ್ರಧಾರಣ ನಿವಾರಣೆ’ ಅಂತ ಬರೆದುಕೊಟ್ಟಿದ್ದಾರೆ. ಓದಿದರೆ ಯಾರೋ ಬೇಕಂತಲೇ ತಡೆದುಕೊಂಡ ಹಾಗಿದೆ. ಸರಿಯಾದ ಪದ ಬೇಕು. ಅಕ್ಯುಪಂಕ್ಚರ್‌ಗೂ ಕನ್ನಡ ಪದ ಇದ್ದರೆ ತಿಳಿಸಿ.

ಚಿತ್ರದುರ್ಗದಿಂದ:
ಮೂತ್ರಾಘಾತ. ಆಯುರ್ವೇದದ ಸುಶ್ರುತ ಸಂಹಿತೆ ಇದರಲ್ಲಿ 12 ಬಗೆ ಹೇಳುತ್ತದೆ. ಇರುವ ಪದ ಬಿಟ್ಟು ಹೊಸದು ಕಟ್ಟುವುದು ಸುಮ್ನೆ ಕಾಲಹರಣ.

ಹರಿಹರದಿಂದ:
ಮೂತ್ರಾಘಾತ ಬೇಡವೇ ಬೇಡ. ಹೃದಯಾಘಾತ ಕೇಳಿದ ಕಿವಿಗೆ ಅದು ಬೇರೆಯೇ ಕೇಳುತ್ತದೆ. ಆ 12ರಲ್ಲಿ ಮೂತ್ರಕ್ಷಯವೂ ಇದೆ, ಅಲ್ಲಿ ಮೂತ್ರ ಹುಟ್ಟುವುದೇ ಕಮ್ಮಿ. ಇಲ್ಲಿ ಹುಟ್ಟಿದೆ, ಮೂತ್ರಕೋಶ ತುಂಬಿದೆ, ಹೊರಗೆ ಬರುತ್ತಿಲ್ಲ. ಮೂಗು ಕಟ್ಟುತ್ತದೆ, ಬಾಣಂತಿಗೆ ಹಾಲು ಕಟ್ಟುತ್ತದೆ, ಎತ್ತಿಗೆ ಉಚ್ಚೆ ಕಟ್ಟುತ್ತದೆ. ‘ಮೂತ್ರ ಕಟ್ಟುವುದು’ ಅಂತಲೇ ಬರೆಯಿರಿ. ನಮ್ಮಪ್ಪನಿಗೆ ಪ್ರಾಸ್ಟೇಟ್ ತೊಂದರೆ ಆದಾಗ ನರ್ಸಮ್ಮ ‘ಮೂತ್ರ ವಿಸರ್ಜನೆ ಆಯಿತಾ’ ಅಂತ ಮೂರು ಸಲ ಕೇಳಿದರು. ಅಪ್ಪ ಸುಮ್ಮನೆ ಮುಖ ನೋಡಿದರು. ‘ಕಾಲ್ಮಡಿದ್ರಾ’ ಅಂದಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು.

‘ನಿವಾರಣೆ’ಯನ್ನೂ ತೆಗೆಯಿರಿ. ಹೆರಿಗೆ, ಆಪರೇಷನ್ ಆದಮೇಲೆ ಕಟ್ಟಿದ್ದಕ್ಕೆ ಕಾಲಿನ ಒಳಗಿಣ್ಣಿನ ನಾಲ್ಕು ಬೆರಳು ಮೇಲೆ, ಹೊಕ್ಕಳ ಕೆಳಗೆ ಸೂಜಿ ಚುಚ್ಚುತ್ತಾರೆ, ನಿಜ. ವಾಸಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇನ್ನೂ ಇಲ್ಲ. ‘ಚಿಕಿತ್ಸೆ’ ಸಾಕು.

ಮತ್ತೊಬ್ಬರು, ದಾವಣಗೆರೆಯಿಂದಲೇ:
ಅಕ್ಯುಪಂಕ್ಚರ್ ಚೀನೀ ಪದವೇ ಅಲ್ಲ. ಲ್ಯಾಟಿನ್ನಿನ ಅಕುಸ್ ಅಂದರೆ ಸೂಜಿ, ಪುಂಕ್ತೂರ ಅಂದರೆ ಚುಚ್ಚುವುದು. ಚೀನೀಯರದು ಝೆನ್‌ಜಿಯು, ಸೂಜಿಯ ಜೊತೆ ಸೊಪ್ಪು ಸುಟ್ಟು ಶಾಖ ಕೊಡುವುದೂ ಅದರಲ್ಲಿ ಸೇರಿದೆ. ಯುರೋಪಿನವರು ತಮ್ಮ ಮಾತಿನಲ್ಲಿ ಹೆಸರಿಟ್ಟುಕೊಂಡರು. ನಾವು ಯಾಕೆ ಅವರದನ್ನು ಹೊರಬೇಕು? ಸೂಜಿಚುಚ್ಚು ಅನ್ನಿ.

ಚಿತ್ರದುರ್ಗದಿಂದ:
ಸೂಜಿ ಸಂಸ್ಕೃತದ ‘ಸೂಚಿ’. ಮೊದಲು ಅದನ್ನು ಬಿಡಿ, ಆಮೇಲೆ ಲ್ಯಾಟಿನ್ ಓಡಿಸಿ.

ಹರಿಹರದಿಂದ:
ಸೂಜಿ ನಮ್ಮದಾಗಿ ಎಷ್ಟೋ ಕಾಲವಾಯಿತು. ತೊಂದರೆ ಅದಲ್ಲ. ನಮ್ಮ ಕಡೆ ಸೂಜಿ ಮಾಡಿಸಿಕೊಂಡೆ ಅಂದರೆ ಇಂಜೆಕ್ಷನ್. ಜನ ಅದೇ ಅಂದುಕೊಂಡು ಬರುತ್ತಾರೆ. ಅಕ್ಯುಪಂಕ್ಚರ್ ಇರಲಿ.

ದಾವಣಗೆರೆಯಿಂದ:
‘ಮೂತ್ರ ಕಟ್ಟುವುದಕ್ಕೆ ಅಕ್ಯುಪಂಕ್ಚರ್ ಚಿಕಿತ್ಸೆ’ ಅಂತ ಕೊಟ್ಟೆ. ಕೆಳಗೆ ಕೆಂಪಕ್ಷರದಲ್ಲಿ ಇನ್ನೊಂದು ಸಾಲು ಹಾಕಿಸಿದ್ದೇನೆ: ‘ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಪೈಪ್ ಹಾಕಿಸಿಕೊಳ್ಳಿ.’

ಚಿತ್ರದುರ್ಗದಿಂದ:
ಪೈಪ್ ಅಲ್ಲ, ನಳಿಕೆ.