ಅಪ್‌ಡೇಟ್: ಬೆಂಗ್ರೆ ಸೈಕಲ್, ಸಾಲಿಗ್ರಾಮ ಕಯಾಕ್ ಒಂದೇ ದಿನ ಮುಗಿಸಿದೆವು

ಹೋದ ತಿಂಗಳು ಕೇಳಿದ್ದೆ: ಉಡುಪಿ ಕಡೆ ಒಂದೇ ದಿನದಲ್ಲಿ ಕಯಾಕಿಂಗ್ (ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುವುದು), ಸೈಕಲ್ ಎರಡೂ ಆಗುತ್ತಾ, ಯಾವುದು ಮೊದಲು ಅಂತ. "ಉಬ್ಬರದ ಹೊತ್ತು ನೋಡಿಕೊಂಡು ಕಯಾಕ್ ಇಟ್ಟುಕೊಳ್ಳಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್.

ನಮಗೆ ಉಬ್ಬರ ಮಧ್ಯಾಹ್ನದ ಮೇಲಿತ್ತು. ಹಾಗಾಗಿ ಬೆಳಿಗ್ಗೆ 6ಕ್ಕೇ ಮಲ್ಪೆಯಿಂದ ಸೈಕಲ್ ಹತ್ತಿದೆವು. ತೊಟ್ಟಂ, ಹೂಡೆ ದಾಟಿ ಕೋಡಿ ಬೆಂಗ್ರೆ. ಹೂಡೆ ಕಳೆದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ಮಧ್ಯೆ ಸಣ್ಣ ರಸ್ತೆ. ಏರು ಇಲ್ಲವೇ ಇಲ್ಲ. ಆದರೆ ಬಾಡಿಗೆ ಸೈಕಲ್ ಚೈನು ಮೂರು ಸಲ ಕಳಚಿತು! ಮೀನು ಒಣಗಿಸುತ್ತಿದ್ದ ಅಜ್ಜಿಯೊಬ್ಬರು ಕೈ ಒರೆಸಿಕೊಳ್ಳಲು ಹಳೇ ಬಟ್ಟೆ ಕೊಟ್ಟರು. ಸೀತಾ, ಸುವರ್ಣಾ ಎರಡೂ ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ ಸುಮ್ನೆ ಅರ್ಧ ಗಂಟೆ ಕೂತೆವು.

ವಾಪಸ್ ಬಂದು, ಕಾರಿನಲ್ಲಿ ಬ್ರಹ್ಮಾವರದ ಮೇಲೆ ಸಾಲಿಗ್ರಾಮಕ್ಕೆ. ನೀರು ತುಂಬಿದ್ದರಿಂದ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲೇ ಕಯಾಕ್ ನುಗ್ಗಿತು. ಕೊಂಬೆ ತಲೆಗೆ ತಾಗುತ್ತೆ, ಬಗ್ಗಲೇಬೇಕು. ಏಡಿಗಳು ಬೇರು ಹತ್ತಿ ಕೂತಿದ್ದವು. ಇಳಿತದಲ್ಲಿ ಹೋಗಿದ್ದರೆ ಬರೀ ಕೆಸರು, ಅಲ್ವಾ?

ಭುಜಕ್ಕಿಂತ ತೊಡೆ ನೋವೇ ಜಾಸ್ತಿ. ಮುಂದಿನ ಸಲ ಸೈಕಲ್ ನಮ್ಮದೇ ಒಯ್ಯುತ್ತೇವೆ.