ಗಾಲ್ಫಿನ ‘ಸ್ಲೈಸ್’ಗೆ ‘ಮಾಲು’ ಅನ್ನಬಹುದೇ?

ಗೆಳೆಯರೇ,

ಪ್ರಶ್ನೆಯನ್ನು ಮೊದಲೇ ಕೇಳಿಬಿಡುತ್ತೇನೆ. ‘ಮಾಲು’ ಅನ್ನುವ ಕ್ರಿಯಾಪದ ನಿಮ್ಮ ಕಡೆ ಇದೆಯಾ? ಸರಕು ಅನ್ನುವ ಅರ್ಥದ ಮಾಲು ಅಲ್ಲ, ಬಟ್ಟೆ ಕೊಳ್ಳಲು ಹೋಗುವ ಮಾಲೂ ಅಲ್ಲ. ನಮ್ಮ ಕಾಸರಗೋಡಿನ ಕಡೆ ಅಡಿಕೆ ಮರ ಬೆಳಕು ಹುಡುಕಿಕೊಂಡು ಒಂದು ಬದಿಗೆ ‘ಮಾಲುತ್ತದೆ’. ಜೀಪಿಗೆ ಒಂದೇ ಕಡೆ ಗೋಣಿ ಹೇರಿದರೆ ಜೀಪು ‘ಮಾಲುತ್ತದೆ’. ‘ವಾಲು’ ಅನ್ನುವುದಕ್ಕೆ ಹತ್ತಿರದ ಪದ.

ಇದು ಈಗ ಯಾಕೆ ಬೇಕಾಯಿತು ಅಂದರೆ, ಗಾಲ್ಫ್. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಹತ್ತಿದ ಚಟ. ಈಗ ಬದಿಯಡ್ಕದ ಹತ್ತಿರ ತೋಟ ನೋಡಿಕೊಂಡಿದ್ದೇನೆ, ಸಂಜೆ ಮನೆ ಹಿಂದಿನ ಪದವಿಗೆ, ಅಂದರೆ ಗುಡ್ಡದ ಮೇಲಿನ ಬಯಲಿಗೆ, ಹೋಗಿ ಹಳೆ ಚೆಂಡು ಹೊಡೆಯುತ್ತೇನೆ. ಕೆಂಪು ಪಾರೆ (ಕಲ್ಲುನೆಲ), ನಡುನಡುವೆ ಮುಳಿಹುಲ್ಲು. ಹೊಡೆದ ಚೆಂಡಿನಲ್ಲಿ ಅರ್ಧ ವಾಪಸ್ ಸಿಗುವುದಿಲ್ಲ. ಚೆಂಡು ಚೆನ್ನಾಗೇ ಹೊರಡುತ್ತದೆ. ನೂರು ಗಜ ದಾಟಿದ ಮೇಲೆ ಅದಕ್ಕೆ ಏನೋ ನೆನಪಾದ ಹಾಗೆ ಬಲಕ್ಕೆ ತಿರುಗಿ ಗುಡ್ಡದ ಕೆಳಗಿನ ತೋಟಕ್ಕೆ ಇಳಿಯುತ್ತದೆ.

ಇದನ್ನು ನಾನು ಒಬ್ಬ ಸ್ನೇಹಿತನಿಗೆ ಫೋನಿನಲ್ಲಿ ಹೇಳಿದ್ದು ಹೀಗೆ: “ಚೆಂಡು ಬಲಕ್ಕೆ ಓರೆ ಹೋಗ್ತದೆ ಮಾರಾಯ.” ಅವನು, “ಹಾಗಾದ್ರೆ ಸ್ವಲ್ಪ ಎಡಕ್ಕೆ ತಿರುಗಿ ನಿಂತುಕೋ” ಅಂದ. ನಿಂತೆ. ಇನ್ನೂ ಜಾಸ್ತಿ ಬಲಕ್ಕೆ ಹೋಯಿತು. ಇನ್ನೂ ಎಡಕ್ಕೆ ತಿರುಗಿದೆ. ಎರಡು ತಿಂಗಳು ಇದೇ ಕತೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನಾನು ಪಾರೆಯನ್ನೂ ಗಾಳಿಯನ್ನೂ ಬೈಯುತ್ತಿದ್ದೆ.

ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಒಂದು ಸಂಜೆ ನೋಡುತ್ತ ಕೂತಿದ್ದರು. ಗಾಲ್ಫ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಆದರೂ ಹೇಳಿದರು: “ಅದು ಓರೆ ಹೋದದ್ದಲ್ಲ. ಸರ್ತ ಹೋಗಿ, ಮತ್ತೆ ಮಾಲಿದ್ದು.” ಸರ್ತ ಅಂದರೆ ನಮ್ಮಲ್ಲಿ ನೆಟ್ಟಗೆ.

ಎರಡು ಬೇರೆ ತಪ್ಪುಗಳಿಗೆ ನಾನು ಒಂದೇ ಪದ ಬಳಸುತ್ತಿದ್ದೆ. ಓರೆ ಅಂದರೆ ಗೆರೆ ನೇರವೇ, ದಿಕ್ಕು ಮಾತ್ರ ಬೇರೆ. ಓರೆಗಣ್ಣಿನ ನೋಟ ಬಾಗುವುದಿಲ್ಲ ಅಲ್ವಾ, ಪಕ್ಕಕ್ಕೆ ಹೋಗುತ್ತದೆ ಅಷ್ಟೆ. ಗಾಲ್ಫಿನಲ್ಲಿ ‘ಪುಶ್’ ಮತ್ತು ‘ಪುಲ್’ ಅನ್ನುವುದು ಇದಕ್ಕೆ. ‘ಸ್ಲೈಸ್’ ಮತ್ತು ‘ಹುಕ್’ ಬೇರೆ, ಅವು ಗಾಳಿಯಲ್ಲಿ ಬಾಗುವ ಹೊಡೆತಗಳು. ಬಲಗೈಯವರಿಗೆ ಸ್ಲೈಸ್ ಬಲಕ್ಕೆ, ಹುಕ್ ಎಡಕ್ಕೆ. ಡೊಂಕು, ಸೊಟ್ಟ ಅನ್ನುವ ಪದಗಳು ಇವೆ, ಆದರೆ ಅವು ಬಾಗಿ ಮುಗಿದ ಆಕಾರವನ್ನು ಹೇಳುತ್ತವೆ. ನಾಯಿಯ ಬಾಲ ಡೊಂಕು. ಅದು ನಮ್ಮ ಕಣ್ಣೆದುರು ಡೊಂಕಾಗುವುದಿಲ್ಲ. ಮಾಲುವುದರಲ್ಲಿ ಹೊತ್ತು ಇದೆ. ಮೊದಲು ನೆಟ್ಟಗಿತ್ತು, ಆಮೇಲೆ ನಿಧಾನಕ್ಕೆ ಒಂದು ಕಡೆಗೆ ಸರಿಯಿತು. ಸ್ಲೈಸ್ ಅಂದರೆ ಅದೇ. ಒಂದು ಅನುವಾದದಲ್ಲಿ ಇದನ್ನು ‘ಹೋಳು ಹೊಡೆತ’ ಮಾಡಿದ್ದು ಓದಿ ಬಚ್ಚಂಗಾಯಿ (ಕಲ್ಲಂಗಡಿ) ನೆನಪಾಯಿತು.

ಆಟದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಕೋಲಿಗೂ ಚೆಂಡಿಗೂ ತಾಗುವ ಹೊತ್ತು ಸುಮಾರು ಅರ್ಧ ಮಿಲಿಸೆಕೆಂಡ್. ಆ ಕ್ಷಣದಲ್ಲಿ ಕೋಲಿನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ಎತ್ತ ನೋಡುತ್ತಿದೆಯೋ ಚೆಂಡು ಬಹುಪಾಲು ಅತ್ತಲೇ ಹೊರಡುತ್ತದೆ. ಬಾಗುವುದು ಮಾತ್ರ ಮುಖಕ್ಕೂ ಬೀಸಿನ ದಾರಿಗೂ ಇರುವ ಅಂತರದಿಂದ. ಬಲಗೈ ಆಟಗಾರನ ಕೋಲು ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ಮೈಯ ಕಡೆಗೆ ಬಂದು, ಮುಖ ಆ ದಾರಿಗಿಂತ ಬಲಕ್ಕೆ ತಿರುಗಿದ್ದರೆ ಚೆಂಡು ಬಲಕ್ಕೆ ಮಾಲುತ್ತದೆ. ನಾನು ಎಡಕ್ಕೆ ತಿರುಗಿ ನಿಂತಾಗ ಬೀಸಿನ ದಾರಿ ಇನ್ನೂ ಎಡಕ್ಕೆ ಹೋಯಿತು, ಕೈ ಮಾತ್ರ ಮುಖವನ್ನು ಗುರಿಯ ಕಡೆಗೇ ಹಿಡಿಯಿತು. ಅಂತರ ಹೆಚ್ಚಿತು. ಓರೆಗೆ ಕೊಡಬೇಕಾದ ಮದ್ದನ್ನು ಮಾಲಿಗೆ ಕೊಟ್ಟ ಫಲ.

ಇಲ್ಲಿ ಇನ್ನೊಂದು ಪದದ ಗಂಟು. ಮುಖ ಹೀಗೆ ತಿರುಗಿದ್ದರೆ ಆಟದವರು ‘ಓಪನ್’ ಅನ್ನುತ್ತಾರೆ. ‘ಮುಖ ತೆರೆದಿದೆ’ ಅಂದರೆ ಕನ್ನಡದಲ್ಲಿ ಏನೂ ಆಗುವುದಿಲ್ಲ. ಕತ್ತಿಯ ಅಂಚಿಗೆ ನಾವು ಬಾಯಿ ಅನ್ನುತ್ತೇವೆ. ಕಾಡು ಕಡಿಯುವವರಿಗೆ ಗೊತ್ತು, ಬಾಯಿ ತಿರುಗಿದರೆ ಪೆಟ್ಟು ಜಾರುತ್ತದೆ. ಹಾಗಾಗಿ ‘ಕೋಲಿನ ಬಾಯಿ ತಿರುಗಿದೆ’ ಅನ್ನಬಹುದು ಅಂತ ನನಗೆ ಅನ್ನಿಸುತ್ತದೆ. ಸ್ವಿಂಗ್‌ಗೆ ‘ಬೀಸು’ ಸಾಕು, ಅದರಲ್ಲಿ ಚರ್ಚೆ ಬೇಡ. ಕತ್ತಿ, ಕವಣೆ, ಬಲೆ ಎಲ್ಲವನ್ನೂ ಬೀಸುವವರು ನಾವು.

ಚೆಂಡು ಏನಾಯಿತು ಅಂತ ಕೇಳುವವರಿಗೆ: ಎಡಗೈ ಹಿಡಿತವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ, ಮೇಲಿನಿಂದ ನೋಡಿದರೆ ಎರಡು ಮೂರು ಗೆಣ್ಣು ಕಾಣುವಷ್ಟು. ಪಾದ ಮತ್ತು ಭುಜಗಳನ್ನು ಮತ್ತೆ ಗುರಿಯ ಗೆರೆಗೆ ತಂದೆ. ಚೆಂಡಿನ ಆಚೆ ಬದಿಗೆ, ಒಂದು ಗೇಣಿಗಿಂತ ಹತ್ತಿರದಲ್ಲಿ, ಒಂದು ಅಡಿಕೆ ಹಾಳೆ ಇಟ್ಟೆ. ಕೋಲು ಹೊರಗಿನಿಂದ ಬಂದರೆ ಮೊದಲು ಹಾಳೆ ಹಾರುತ್ತದೆ. ಮೊದಲ ವಾರ ಚೆಂಡಿಗಿಂತ ಹಾಳೆಯೇ ದೂರ ಹೋಗುತ್ತಿತ್ತು. ಈಗ ಮಾಲುವುದು ಕಡಿಮೆಯಾಗಿದೆ, ನಿಂತಿಲ್ಲ. ಅದೂ ಡ್ರೈವರ್ ಅನ್ನುವ, ದೂರ ಹೊಡೆಯುವ ಉದ್ದ ಕೋಲಿನಲ್ಲಿ ಮಾತ್ರ. ಹೆಚ್ಚು ಇಳಿಜಾರಿನ ಮುಖ ಇರುವ ಐರನ್ ಕೋಲುಗಳಲ್ಲಿ ಚೆಂಡು ಹಿಂದಕ್ಕೆ ಜಾಸ್ತಿ ಸುತ್ತುತ್ತದೆ, ಪಕ್ಕಕ್ಕೆ ಅಷ್ಟು ಬಾಗುವುದಿಲ್ಲ.

ನನಗೆ ಬಿಡಿಸಲಾಗದ ತೊಡಕು ಒಂದಿದೆ. ಸ್ಲೈಸ್‌ಗೆ ‘ಬಲಮಾಲು’, ಹುಕ್‌ಗೆ ‘ಎಡಮಾಲು’ ಅಂತ ಬರೆದಿಟ್ಟಿದ್ದೆ. ಎಡಗೈ ಆಟಗಾರರಿಗೆ ಇದು ಪೂರ್ತಿ ತಿರುವುಮುರುವು. ಅವರ ಸ್ಲೈಸ್ ಎಡಕ್ಕೆ ಹೋಗುತ್ತದೆ. ಹಾಗಾಗಿ ‘ಹೊರಮಾಲು’, ‘ಒಳಮಾಲು’ ಅಂತ ಬದಲಾಯಿಸಿದ್ದೇನೆ, ಹೊಡೆಯುವವನ ಮೈಯಿಂದ ಆಚೆಗೆ, ಈಚೆಗೆ ಅನ್ನುವ ಅರ್ಥದಲ್ಲಿ. ಹುಕ್‌ಗೆ ‘ಕೊಕ್ಕೆ’ಯನ್ನೇ ಉಳಿಸಿ ಅನ್ನುವವರು ಇದ್ದಾರೆ. ನನ್ನ ಒಪ್ಪಿಗೆ ಇಲ್ಲ. ಒಂದು ಕೊಕ್ಕೆ, ಇನ್ನೊಂದು ಮಾಲು ಆದರೆ ಇವೆರಡೂ ಒಂದೇ ತಪ್ಪಿನ ಎರಡು ಬದಿ ಅನ್ನುವುದು ಕಾಣುವುದಿಲ್ಲ.

ಈಗ ನೀವು ಹೇಳಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ‘ಮಾಲಿತು’ ಅಂದರೆ ಏನು ತಿಳಿಯುತ್ತೀರಿ? ತಾಳವಾಡಿ, ಹೊಸೂರಿನಲ್ಲಿ ‘ವಾಲು’ ಒಂದೇ ಇರುವುದಾ? ಹೇರು ಹೆಚ್ಚಾದ ಗಾಡಿಗೆ, ಬೆಳಕಿಗೆ ಬಾಗಿದ ಮರಕ್ಕೆ, ನೆಟ್ಟಗೆ ಹೊರಟು ಆಮೇಲೆ ತಿರುಗುವ ಗಾಳಿಪಟಕ್ಕೆ ನಿಮ್ಮ ಮನೆಯಲ್ಲಿ ಯಾವ ಪದ ಬಳಸುತ್ತೀರಿ? ಗಾಳಿಪಟದ್ದು ಇದ್ದರೆ ಮೊದಲು ಅದನ್ನು ಬರೆಯಿರಿ.