ಕೂಳೆ ಕಬ್ಬಿನ ಪೋರ್ಟ್‌ಫೋಲಿಯೊ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮ ನಾಲ್ವರ ವಾಕಿಂಗು ಅಂದ್ರೆ ನಡೆಯೋದು ಇಪ್ಪತ್ತು ನಿಮಿಷ, ಬೆಂಚಿನ ಮೇಲೆ ಕೂರೋದು ಒಂದು ಗಂಟೆ. ಕೆರೆಯ ಹೆಜ್ಜಾರ್ಲೆಗಳೇ ನಮಗಿಂತ ಹೆಚ್ಚು ಅಲುಗಾಡುತ್ತವೆ.

ಮೊನ್ನೆ ಮೇಷ್ಟ್ರು ಬಂದವರೇ ಬಣ್ಣದ ಫೈಲೊಂದನ್ನು ಮಧ್ಯೆ ಇಟ್ಟರು. ಕಾಲೇಜಿನಿಂದ ನಿವೃತ್ತರಾಗಿ ಗಂಟು ಕೈಗೆ ಬಂದ ಮೇಲೆ ಅವರ ಮನೆಗೆ ಟೈ ಕಟ್ಟಿದವರ ಓಡಾಟ ಜಾಸ್ತಿ.

“ನನಗಾಗಿಯೇ ಅಳತೆ ತಗೊಂಡು ಹೊಲಿದ ಪೋರ್ಟ್‌ಫೋಲಿಯೊ ಇದು, ಅಂದ್ರೆ ದುಡ್ಡು ಎಲ್ಲೆಲ್ಲಿ ಎಷ್ಟು ಹೂಡಬೇಕು ಅನ್ನೋ ಪಟ್ಟಿ. ಹುಡುಗ ಇಪ್ಪತ್ತು ಪ್ರಶ್ನೆ ಕೇಳಿದ. ಮಾರುಕಟ್ಟೆ ನೂರಕ್ಕೆ ಇಪ್ಪತ್ತು ಬಿದ್ರೆ ಏನ್ಮಾಡ್ತೀರಿ ಸಾರ್ ಅಂದ. ಮನೆಯವಳಿಗೆ ಹೇಳಲ್ಲ ಅಂದೆ. ರಿಸ್ಕ್ ಮಧ್ಯಮ ಅಂತ ಬರ್ಕೊಂಡ.”

ಭಟ್ರು ಫೈಲು ತಿರುವಿದರು. “ನಂಗೂ ಹೋದ ವಾರ ಇದನ್ನೇ ಕೊಟ್ಟಿದ್ದಾನಲ್ರೀ! ಹೆಸರು ಮಾತ್ರ ಬೇರೆ, ಲಗ್ನಪತ್ರಿಕೆ ಕವರ್ ಮೇಲೆ ಬರೆಯೋ ಹಾಗೆ. ನಂಗೆ ಮನೆ ಸಾಲ ಇದೆ, ಮಗಳ ಇಂಜಿನಿಯರಿಂಗ್ ಫೀಸಿದೆ. ನಿಮಗೆ ಎರಡೂ ಇಲ್ಲ. ಇಬ್ರಿಗೂ ಒಂದೇ ಅಳತೆ ಶರ್ಟಾ?”

ಮೇಷ್ಟ್ರ ಮುಖ ಇಳಿಯಿತು. “ಮೊದಲು ಪಿಎಂಎಸ್ ಅಂದ, ನಮ್ಮ ದುಡ್ಡನ್ನ ಷೇರಲ್ಲಿ ಹಾಕಿ ಅವರೇ ಕೊಂಡು ಮಾರಿ ನೋಡ್ಕೊಳ್ಳೋದಂತೆ. ಕನಿಷ್ಠ 50 ಲಕ್ಷ ಬೇಕು ಅಂದಾಗ ನಾನೇ ಟೀ ಕುಡಿಸಿ ಸಾಗಹಾಕೋಕೆ ನೋಡಿದೆ.”

“ಒಳ್ಳೇದೇ ಆಯ್ತು,” ಅಂದ ಶೀನಣ್ಣ. ಆಡಿಟರ್ ಆಫೀಸಿನಲ್ಲಿ ಕೂದಲು ಉದುರಿಸಿಕೊಂಡ ಆಸಾಮಿ. “ಅಲ್ಲಿ ಷೇರು ನಿಮ್ಮ ಹೆಸರಲ್ಲೇ ಇರುತ್ತೆ. ಅವನು ಲಾಭಕ್ಕೆ ಮಾರಿದಾಗೆಲ್ಲ ತೆರಿಗೆ ಲೆಕ್ಕ ನಿಮ್ಮ ತಲೆಗೆ. ಮ್ಯೂಚುವಲ್ ಫಂಡಲ್ಲಾದ್ರೆ ಅವರು ಒಳಗೆ ಎಷ್ಟು ಸಲ ಮಾರಲಿ, ಕೊಳ್ಳಲಿ, ನೀವು ಯೂನಿಟ್ ಮಾರೋವರೆಗೂ ಅದರ ತೆರಿಗೆ ನಿಮ್ಮ ಬಾಗಿಲಿಗೆ ಬರಲ್ಲ.”

“ಅದಕ್ಕೇ ನಾನೊಂದು ಉಪಾಯ ಮಾಡಿದೀನಿ,” ಅಂದರು ಮೇಷ್ಟ್ರು. “ಪಿಂಚಣಿಗೆ ಬಡ್ಡಿ ಸೇರಿದ್ರೆ ತೆರಿಗೆ ಇಲ್ಲದ 12 ಲಕ್ಷದ ಗೆರೆ ದಾಟುತ್ತೆ. ಎಫ್‌ಡಿ ಪೂರ್ತಿ ಇವಳ ಹೆಸರಿಗೆ ಹಾಕ್ಬಿಡ್ತೀನಿ.”

“ಹಾಕಿ. ಹೆಂಡತಿಗೆ ಸುಮ್ಮನೆ ಕೊಟ್ಟ ದುಡ್ಡಿನ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತೆ. ಆ ಬಡ್ಡಿನ ಮತ್ತೆ ಹೂಡಿ ಬಂದದ್ದು ಮಾತ್ರ ಅಮ್ಮಾವ್ರ ಲೆಕ್ಕ.”

“ಅಂದ್ರೆ ದುಡ್ಡು ಅವಳದು, ತೆರಿಗೆ ನಂದು?”

“ಮದುವೆ ಆಗಿ ಎಷ್ಟು ವರ್ಷ ಆಯ್ತು ಮೇಷ್ಟ್ರೇ, ಈಗ ಕೇಳ್ತಿದೀರಲ್ಲ,” ಅಂದರು ಭಟ್ರು.

ಮದ್ದೂರು ಕಡೆಯ ಗೌಡ್ರು ಇಷ್ಟೊತ್ತೂ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಮಗನ ಮನೇಲಿ ಇರೋದು, ಮನಸ್ಸೆಲ್ಲ ಗದ್ದೇಲಿ.

ಶೀನಣ್ಣ ಮುಂದುವರಿಸಿದ: “ಷೇರು, ಇಲ್ಲಾ ಷೇರಲ್ಲಿ ಹೂಡೋ ಈಕ್ವಿಟಿ ಫಂಡು 12 ತಿಂಗಳು ದಾಟಿಸಿ ಮಾರಿದ್ರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಮೇಲಿನದಕ್ಕೆ ನೂರಕ್ಕೆ ಹನ್ನೆರಡೂವರೆ. 2024ರ ಜುಲೈ ಬಜೆಟ್ಟಲ್ಲಿ ಮಾಡಿದ್ದು. 12 ತಿಂಗಳಿಗೆ ಮುಂಚೆ ಮಾರಿದ್ರೆ ನೂರಕ್ಕೆ 20. ಅದಕ್ಕೇ ಪ್ರತಿ ವರ್ಷ ಆ 1.25 ಲಕ್ಷ ಲಾಭ ಬರೋಷ್ಟೇ ಮಾರೋದು, ತಕ್ಷಣ ಅದನ್ನೇ ವಾಪಸ್ ಕೊಳ್ಳೋದು. ಕೊಂಡ ಬೆಲೆ ಮೇಲಕ್ಕೆ ಹೋಯ್ತಲ್ಲ, ಮುಂದಿನ ಲಾಭದ ಲೆಕ್ಕ ಅಲ್ಲಿಂದ.”

ಮೇಷ್ಟ್ರು ಪಿಳಿಪಿಳಿ ನೋಡಿದರು. ನಂಗೂ ಅರ್ಥವಾಗಲಿಲ್ಲ, ತಲೆ ಆಡಿಸಿದೆ.

“ಕೂಳೆ ಕಬ್ಬು ಕಣ್ ಮೇಷ್ಟ್ರೇ!” ಅಂದರು ಗೌಡ್ರು. “ಕಡ್ದು ಸಾಗಿಸ್ತೀರಿ, ಬುಡ ಅಲ್ಲೇ ಇರ್ತದೆ, ಮತ್ತೆ ಚಿಗುರ್ತದೆ. ವರ್ಸ ತುಂಬೋಕ್ ಮುಂಚೆ ಎಳೇದನ್ನ ಕಡುದ್ರೆ ಇಳುವರಿ ಬರಾಕಿಲ್ಲ. ಅಷ್ಟೇಯ.”

ಶೀನಣ್ಣನೇ ಬೆರಗಾದ. “ಹೊಸ ಚಿಗುರಿಗೂ ಮತ್ತೆ 12 ತಿಂಗಳು ಕಾಯ್ಬೇಕು, ಅದೂ ಸರಿ! ಬೇಗ ಮಾರಿದ್ರೆ ಫಂಡಿನವರು ಹಿಡಿಯೋ ಎಕ್ಸಿಟ್ ಲೋಡ್ ಮಾತ್ರ ನೋಡ್ಕೋಬೇಕು. ನಾಲ್ಕು ವರ್ಷ ಮುಟ್ಟದೆ ಬಿಟ್ಟು 5 ಲಕ್ಷ ಲಾಭ ಒಟ್ಟಿಗೆ ತೆಗೆದ್ರೆ 46,875 ರೂಪಾಯಿ ತೆರಿಗೆ, ಸೆಸ್ಸು ಬೇರೆ. ವರ್ಷಾವರ್ಷ 1.25 ಲಕ್ಷದಂತೆ ಕಡಿದ್ರೆ ಸೊನ್ನೆ.”

ನನಗೆ ಸಿಟ್ಟು ಬಂದದ್ದು ಆ ಟೈ ಹುಡುಗನ ಮೇಲೆ. ಅರವತ್ತು ಪುಟದ ಫೈಲಲ್ಲಿ ಈ ಒಂದು ಮಾತು ಬರೆಯೋಕೆ ಅವನಿಗೆ ಜಾಗ ಸಿಕ್ಕಿರಲಿಲ್ಲ. ಅಧ್ಯಕ್ಷರ ಫೋಟೋಗೆ ಸಿಕ್ಕಿತ್ತು.

“ಲುಕ್ಸಾನಾದ್ರೆ?” ಗೌಡ್ರು ಕೇಳಿದರು.

“ರಿಟರ್ನ್ಸ್ ಟೈಮಿಗೆ ಸರಿಯಾಗಿ ಹಾಕಿದ್ರೆ ಎಂಟು ವರ್ಷ ಮುಂದಕ್ಕೆ ಹೊತ್ಕೊಂಡು ಹೋಗಿ, ಬರೋ ಲಾಭದಲ್ಲಿ ಕಳೀಬಹುದು.”

“ಎಂಟೇ ವರ್ಸವಾ? ನಾನು ಕಬ್ಬಿನ್ ಲುಕ್ಸಾನ ಮೂವತ್ತು ವರ್ಸದಿಂದ ಹೊತ್ಕಂಡ್ ಬಂದಿವ್ನಿ. ಅದ್ನ ಎಲ್ ಕಳೀಲಿ?”

“ಕೃಷಿ ಆದಾಯಕ್ಕೆ ತೆರಿಗೆನೇ ಇಲ್ವಲ್ಲ ಗೌಡ್ರೇ. ಅದಕ್ಕೇ ಅದರ ನಷ್ಟಾನ ಬೇರೆ ಲಾಭದಲ್ಲಿ ಕಳೆಯೋಕೂ ಬರಲ್ಲ.”

ಗೌಡ್ರು ಕೈಯೊರೆಸಿಕೊಂಡು ಫೈಲು ಎಳೆದುಕೊಂಡರು. ಮೇಷ್ಟ್ರ ಪೈ ಚಾರ್ಟನ್ನು ಹೋಳಿಗೆ ನೋಡೋ ಹಾಗೆ ನೋಡಿದರು.

“ಈ ಹಸ್ರು ತುಂಡು ಏನು?”

“ಅದು ಸಾಲಪತ್ರ.”

“ಹಂಗಾರೆ ನಂದು ಪೂರಾ ಹಸ್ರೇ ಬುಡಿ.”